ತೊಗರಿಯ ನಾಡಿನಿಂದ ಸ್ಪ್ಯಾನಿಷ್ ಆನರ್ಸ್‌ಗೆ: ಹೊರಟವರಿಗೊಂದು ದಾರಿ

ಪಿಯುಸಿ ಮುಗಿದ ಮೇಲೆ ಸ್ಪ್ಯಾನಿಷ್ ಓದುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಕಾಕಾ ತೊಗರಿ ಚೀಲದ ಬಾಯಿ ಹೊಲಿಯುತ್ತಿದ್ದರು. ದಬ್ಬಣ ನಿಲ್ಲಲಿಲ್ಲ. "ಅದು ಯಾವ ಊರಿನ ಭಾಷೆ?" ಎಂದು ಕೇಳಿದರು. ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನಾ ಎಂದೆ. "ಅಲ್ಲಿ ನಮಗೆ ಬೀಗರು ಯಾರಿದ್ದಾರೆ?" ಎನ್ನುತ್ತಾ ಚೀಲವನ್ನು ಎತ್ತಿ ಗೋಡೆಗೆ ಒರಗಿಸಿದರು.

ಬೀಗರಿಲ್ಲದಿದ್ದರೂ ತೊಗರಿ ಇದೆ ಎಂದು ನನಗೆ ಗೊತ್ತಾದದ್ದು ಎರಡನೆಯ ವರ್ಷದಲ್ಲಿ. ಪುಯೆರ್ತೊ ರಿಕೊ ದ್ವೀಪದಲ್ಲಿ ಕ್ರಿಸ್ಮಸ್‌ಗೆ ಮಾಡುವ ಅನ್ನದ ಹೆಸರು 'ಅರ್ರೋಸ್ ಕೋನ್ ಗಾಂದೂಲೆಸ್'. ಅರ್ರೋಸ್ ಎಂದರೆ ಅಕ್ಕಿ, ಗಾಂದೂಲೆಸ್ ಎಂದರೆ ತೊಗರಿ ಕಾಳು. ಸೇಡಂ, ಚಿಂಚೋಳಿ ಕಡೆಯವರಿಗೆ ಈ ಪದ ಕೇಳಿದೊಡನೆ ತೆಲುಗಿನ 'ಕಂದುಲು' ನೆನಪಾಗುತ್ತದೆ. ನನಗೂ ನೆನಪಾಗಿ ತರಗತಿಯಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ದನಿ ಕೂಡಿತೆಂದು ನಂಟು ಕಟ್ಟಬೇಡ, ಮೊದಲು ಆಧಾರ ತೋರಿಸು ಎಂದು ಮೇಷ್ಟ್ರು ಕೂರಿಸಿದರು. ಭಾಷೆ ಓದುವವರಿಗೆ ಆ ಎರಡೂ ಬೇಕು: ಹಾಗೆ ನೆನಪಾಗುವ ಕಿವಿ, ಹಾಗೆ ಕೂರಿಸುವ ಶಿಸ್ತು. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೊದಲನೆಯದು ಪುಕ್ಕಟೆಯಾಗಿ ಸಿಕ್ಕಿದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು, ಗಡಿಯ ಸಂತೆಯಲ್ಲಿ ತೆಲುಗು ಇಲ್ಲವೇ ಮರಾಠಿ ಕೇಳುತ್ತಲೇ ಬೆಳೆದಿರುತ್ತೇವೆ. ಎರಡನೆಯದಕ್ಕೆ ವಿಶ್ವವಿದ್ಯಾಲಯ ಬೇಕು.

ಬೇಸಿಗೆ ಬಂತೆಂದರೆ ಯಾರಾದರೂ ಈ ಓದಿನ ಬಗ್ಗೆ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಒಂದರ ನಂತರ ಒಂದರಂತೆ ಬರೆದಿದ್ದೇನೆ.

ಮೊದಲು, ನಿಮಗೆ ಬೇಕಿರುವುದು ಯಾವುದು?

ಸ್ಪ್ಯಾನಿಷ್ ಮಾತನಾಡಲು ಕಲಿಯುವುದು ಒಂದು, ಸ್ಪ್ಯಾನಿಷ್ ಬಿ.ಎ. ಆನರ್ಸ್ ಓದುವುದು ಇನ್ನೊಂದು. ಕಂಪನಿ ಕೆಲಸಕ್ಕೆ ಭಾಷೆ ಸಾಕು ಎನ್ನುವವರು ಬಿ.ಕಾಂ., ಬಿ.ಎಸ್ಸಿ. ಯಾವುದನ್ನಾದರೂ ಊರಲ್ಲೇ ಓದುತ್ತಾ ಆನ್‌ಲೈನ್ ತರಗತಿಯ ಮೂಲಕ ಭಾಷೆ ಕಲಿತು, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬಹುದು. ಅದಕ್ಕಾಗಿ ಹಾಸ್ಟೆಲ್ ಸೇರಬೇಕಿಲ್ಲ.

ಆನರ್ಸ್ ಎಂದರೆ ಮೊದಲ ಒಂದೂವರೆ ವರ್ಷ ಭಾಷೆ, ಆಮೇಲೆ ಆ ಭಾಷೆಯಲ್ಲೇ ಸಾಹಿತ್ಯ, ಇತಿಹಾಸ, ಭಾಷಾವಿಜ್ಞಾನ, ಅನುವಾದ. 400 ವರ್ಷ ಹಿಂದಿನ ಪದ್ಯದ ಮೇಲೆ ಸ್ಪ್ಯಾನಿಷ್‌ನಲ್ಲೇ ನಾಲ್ಕು ಪುಟ ಬರೆಯಬೇಕಾಗುತ್ತದೆ. ಕಥೆ ಕವಿತೆ ಎಂದರೆ ಆಕಳಿಸುವವರು ಮೂರನೆಯ ಸೆಮಿಸ್ಟರ್‌ಗೆ ಬೇಸತ್ತು ಕೂರುವುದನ್ನು ಕಣ್ಣಾರೆ ಕಂಡಿದ್ದೇನೆ. ಕನ್ನಡದಲ್ಲಿ ಓದುವ ಚಟವಿದ್ದವರು ಮಾತ್ರ ಮುಂದಿನದನ್ನು ಓದಿ.

ಆಮೇಲೆ ಮೂರು ತಿಂಗಳು ಮನೆಯಲ್ಲೇ

ದುಡ್ಡು ಕಟ್ಟುವ ಮೊದಲು ಮೂರು ತಿಂಗಳು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ದಿನಕ್ಕೆ ಒಂದು ತಾಸು ಸಾಕು. ಯೂಟ್ಯೂಬ್‌ನಲ್ಲಿ ಆರಂಭದ ಪಾಠಗಳು ಬೇಕಾದಷ್ಟಿವೆ. ಸ್ಪ್ಯಾನಿಷ್ ಕಲಿಸಲೆಂದು ಸ್ಪೇನ್ ಸರ್ಕಾರ ನಡೆಸುವ ಸೆರ್ವಾಂತೆಸ್ ಸಂಸ್ಥೆಯ ಸೆಂತ್ರೊ ಬಿರ್ತುಆಲ್ ಜಾಲತಾಣದಲ್ಲಿ ಅಭ್ಯಾಸಗಳು ಉಚಿತವಾಗಿ ಸಿಗುತ್ತವೆ. ಸ್ಪ್ಯಾನಿಷ್ ಅಕಾಡೆಮಿ 1713ರಲ್ಲಿ ಹುಟ್ಟಿದ್ದು, ಅದರ ನಿಘಂಟು ಈಗ ಮೊಬೈಲ್‌ನಲ್ಲೇ ತೆರೆದುಕೊಳ್ಳುತ್ತದೆ. ಆರಂಭದಲ್ಲಿ ಅದು ತಲೆಗೆ ಹತ್ತುವುದಿಲ್ಲ, ಎರಡನೆಯ ವರ್ಷಕ್ಕೆ ಅದೇ ಅನ್ನ. "ಮೂವತ್ತು ದಿನಗಳಲ್ಲಿ ಸ್ಪ್ಯಾನಿಷ್, ಕೆಲಸ ಗ್ಯಾರಂಟಿ" ಎಂಬ ಫಲಕದ ಕೆಳಗೆ ನಿಲ್ಲಬೇಡಿ. ನಾನು ನಿಂತಿದ್ದೆ. ಅವರು ಕೊಟ್ಟ ಬಣ್ಣದ ಪ್ರಮಾಣಪತ್ರವನ್ನು ಮುಂದೆ ಯಾರೂ ಕಣ್ಣೆತ್ತಿ ನೋಡಲಿಲ್ಲ.

ಈ ಮೂರು ತಿಂಗಳಲ್ಲಿ ಮುಖ್ಯವಾದದ್ದು ಉಚ್ಚಾರ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಸ್ಪ್ಯಾನಿಷ್ ಪದಗಳನ್ನು ಇಂಗ್ಲಿಷ್ ಬಾಯಿಯಿಂದ ಓದಬೇಡಿ. ರೋಮನ್ ಅಕ್ಷರ ಕಂಡೊಡನೆ ನಾಲಿಗೆ ತಾನಾಗಿ ಇಂಗ್ಲಿಷಿಗೆ ಹೊರಳುತ್ತದೆ, 'ತ' ಇದ್ದಲ್ಲಿ 'ಟ' ಬರುತ್ತದೆ. ಸ್ಪ್ಯಾನಿಷ್‌ನ ತ ಮತ್ತು ದ ನಮ್ಮ ತಾಯಿ, ದಾರಿಯ ತ, ದಗಳಂತೆ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ಸ್ವರಗಳು ಅ, ಎ, ಇ, ಒ, ಉ, ಐದೇ. ಹೊಸ ಪದಗಳನ್ನು ಮೊದಲ ತಿಂಗಳು ಕನ್ನಡ ಲಿಪಿಯಲ್ಲೂ ಬರೆದಿಟ್ಟುಕೊಳ್ಳಿ. ಶಿಕ್ಷಕರು ಬೈಯಬಹುದು, ಬೈಯಲಿ.

ಉರ್ದು ಕಿವಿಗೆ ಬಿದ್ದವರಿಗೆ ಇನ್ನೊಂದು ಲಾಭ. ಖ್ವಾಜಾ ಬಂದೇನವಾಜ್ ಎನ್ನುವಾಗ ಉರ್ದು ಬಲ್ಲ ಹಿರಿಯರು ಗಂಟಲಿನಿಂದ ಉಜ್ಜಿ ತರುವ ಖ ಇದೆಯಲ್ಲ, ಸ್ಪೇನಿನವರು 'ಹೋತಾ' ಎಂದು ಕರೆಯುವ ಅಕ್ಷರದ ದನಿ ಹೆಚ್ಚುಕಡಿಮೆ ಅದೇ. ಕೆರಿಬಿಯನ್ ಕಡೆ ಅದು ಸವೆದು ನಮ್ಮ ಹ ಆಗಿದೆ.

ಕಷ್ಟ ಕೊಡುವುದು ಎರಡು ಬಗೆಯ ರ. 'ಪೆರೊ' ಎಂದರೆ ಆದರೆ, 'ಪೆರ್ರೊ' ಎಂದರೆ ನಾಯಿ. ಎರಡನೆಯದರಲ್ಲಿ ನಾಲಿಗೆಯ ತುದಿ ಎರಡು ಮೂರು ಸಲ ಕಂಪಿಸಬೇಕು. ಹಳಗನ್ನಡದಲ್ಲಿ ನಮಗೂ ಎರಡು ರ ಇದ್ದವು. ಶಕಟರೇಫವನ್ನು ಕಳೆದುಕೊಂಡವರು ನಾವು, ಈಗ ದುಡ್ಡು ಕೊಟ್ಟು ಕಲಿಯಬೇಕಾಗಿದೆ. ಎತ್ತಿನ ಬಂಡಿ ಹೊಡೆಯುವವರು ನಾಲಿಗೆ ನಡುಗಿಸಿ 'ಟ್ರ್ರ್ರ್' ಎನ್ನುವುದನ್ನು ಬಲ್ಲವರು ಒಂದೇ ವಾರದಲ್ಲಿ ಹಿಡಿಯುತ್ತಾರೆ.

ಎಲ್ಲಿ ಸೇರುವುದು, ಯಾವ ಕಾಗದ ಬೇಕು

ನಮ್ಮ ಭಾಗದವರಿಗೆ ಹತ್ತಿರದ ದಾರಿ ಹೈದರಾಬಾದಿನ ತಾರ್ನಾಕಾದಲ್ಲಿರುವ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. ಎಲ್ಲರೂ ಇಫ್ಲು ಎನ್ನುತ್ತಾರೆ. ಅಲ್ಲಿ ಸ್ಪ್ಯಾನಿಷ್ ಬಿ.ಎ. ಆನರ್ಸ್ ಹಾಗೂ ಎಂ.ಎ. ಎರಡೂ ಇವೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಬಿ.ಎ. ಆನರ್ಸ್‌ನಿಂದ ಪಿಎಚ್.ಡಿ.ವರೆಗೆ ಓದಬಹುದು. ದೆಹಲಿ ವಿಶ್ವವಿದ್ಯಾಲಯದಲ್ಲೂ ಆನರ್ಸ್ ಇದೆ. ಬಿ.ಎ. ಸೇರಲು ಮೊದಲೇ ಸ್ಪ್ಯಾನಿಷ್ ಬರಬೇಕಿಲ್ಲ, ಪಾಠ ಓನಾಮದಿಂದಲೇ ಶುರುವಾಗುತ್ತದೆ. ಎಂ.ಎ.ಗೆ ಹಾಗಲ್ಲ, ಭಾಷೆ ಕೈಗೆ ಬಂದಿರಬೇಕು. ಆದ್ದರಿಂದ ಬೇರೆ ವಿಷಯದಲ್ಲಿ ಪದವಿ ಮುಗಿಸಿ ನೇರವಾಗಿ ಸ್ಪ್ಯಾನಿಷ್ ಎಂ.ಎ. ಸೇರುತ್ತೇನೆ ಎಂದು ಲೆಕ್ಕ ಹಾಕಬೇಡಿ.

ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ನಡೆಸುವ ಸಿಯುಇಟಿ ಬರೆಯಬೇಕು. ಅರ್ಜಿಯ ದಿನಗಳು ಸಾಮಾನ್ಯವಾಗಿ ದ್ವಿತೀಯ ಪಿಯುಸಿ ಪರೀಕ್ಷೆಯ ಗಡಿಬಿಡಿಯಲ್ಲೇ ಬರುತ್ತವೆ. ನಮ್ಮ ಕಡೆಯ ಮಕ್ಕಳು ಅವಕಾಶ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಫಲಿತಾಂಶ ಬಂದ ಮೇಲೆ ವಿಚಾರಿಸಲು ಹೋದರೆ ಬಾಗಿಲು ಮುಚ್ಚಿರುತ್ತದೆ. ಸಿಯುಇಟಿಯನ್ನು ಕನ್ನಡದಲ್ಲೂ ಬರೆಯಬಹುದು, ಆದರೆ ವಿದೇಶಿ ಭಾಷೆಯ ಕೋರ್ಸಿಗೆ ಇಂಗ್ಲಿಷ್ ಪತ್ರಿಕೆಗೆ ತಯಾರಾಗದೆ ನಡೆಯುವುದಿಲ್ಲ. ಯಾವ ಕೋರ್ಸಿಗೆ ಯಾವ ಪತ್ರಿಕೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆ ವರ್ಷದ ಪ್ರಕಟಣೆಯನ್ನು ನೀವೇ ಓದಿ, ಸೈಬರ್ ಕೆಫೆಯವರ ಮಾತಿನ ಮೇಲೆ ಟಿಕ್ ಹಾಕಬೇಡಿ.

ಇನ್ನು ಕಾಗದಪತ್ರ. ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಇದೆಯಲ್ಲ ಎಂದು ನಿಶ್ಚಿಂತರಾಗಿರಬೇಡಿ. ಅದು ಕರ್ನಾಟಕದೊಳಗಿನ ಪ್ರವೇಶ, ನೌಕರಿಗಳಿಗೆ. ಹೈದರಾಬಾದ್, ದೆಹಲಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಹಾಗೆಯೇ ರಾಜ್ಯದ 2ಎ, 3ಬಿ ಪ್ರಮಾಣಪತ್ರವನ್ನೂ ಅಲ್ಲಿ ಒಪ್ಪುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದೆಯೇ ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲಿ ಕೆನೆಪದರ ಅಲ್ಲದ ಪ್ರಮಾಣಪತ್ರ ಬೇಕೆಂದು ಕೇಳಿ ಪಡೆಯಿರಿ. "ಕೇಂದ್ರದ ನಮೂನೆ" ಎಂದು ಬಾಯಿಬಿಟ್ಟು ಹೇಳದಿದ್ದರೆ ರಾಜ್ಯದ್ದೇ ಕೈಗೆ ಬರುತ್ತದೆ. ಇದನ್ನು ಕೊನೆಯ ಗಳಿಗೆಯವರೆಗೆ ಬಿಡಬೇಡಿ.

ಪ್ರಯಾಣದ್ದು ದೊಡ್ಡ ಮಾತಲ್ಲ. ಬೀದರಿನವರಿಗೆ ಹೈದರಾಬಾದ್ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಯಾದಗಿರಿ, ಕಲಬುರಗಿಯವರಿಗೆ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಇದೆ, ರೊಟ್ಟಿ ಬುತ್ತಿ ಎರಡು ದಿನದ್ದು ಕಟ್ಟಿಕೊಳ್ಳಿ.

ಮೊದಲ ವರ್ಷ: ನಡುವೆ ಇಂಗ್ಲಿಷ್ ಬೇಡ

ತರಗತಿಯಲ್ಲಿ ದೆಹಲಿ, ಕೋಲ್ಕತ್ತಾದ ಇಂಗ್ಲಿಷ್ ಮಾಧ್ಯಮದ ಮಕ್ಕಳನ್ನು ಕಂಡು ಎದೆ ಕುಸಿಯುವುದು ಸಹಜ. ಮೊದಲ ತಿಂಗಳು ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. 'ಇಷ್ಟ' ಎಂಬ ಪಾಠ ಬಂದ ದಿನ ಸ್ಥಿತಿ ಬದಲಾಯಿತು.

ಇಂಗ್ಲಿಷಿನಲ್ಲಿ ಯೋಚಿಸುವವರಿಗೆ 'ಮೆ ಗುಸ್ತಾ ಎಲ್ ಮಾಂಗೊ' ಎಂಬ ವಾಕ್ಯ ತಲೆಕೆಳಗಾಗಿ ಕಾಣುತ್ತದೆ. ಅವರು ಅರ್ಧ ಗಂಟೆ ಒದ್ದಾಡಿದರು. ಕನ್ನಡದಲ್ಲಿ ಅದು 'ನನಗೆ ಮಾವು ಹಿಡಿಸುತ್ತದೆ', ಅಷ್ಟೇ. ಹಿಡಿಸುವುದು ಮಾವು, ಹಿಡಿಸುವುದು ನನಗೆ. ಹಣ್ಣು ಹಲವಾದರೆ ನಮ್ಮಲ್ಲಿ 'ಹಿಡಿಸುತ್ತವೆ', ಅವರಲ್ಲಿ 'ಗುಸ್ತಾನ್'. 'ಮೆ ದುಎಲೆ ಲಾ ಕಾಬೇಸಾ' ಎಂದರೆ 'ನನಗೆ ತಲೆ ನೋಯುತ್ತದೆ'. ಪದಕ್ಕೆ ಪದ ಇಟ್ಟರೆ ಸಾಕು, ಕೂಡುತ್ತದೆ. ಕ್ರಿಯಾಪದದ ಬಾಲದಲ್ಲೇ ಯಾರು ಎಂಬುದು ಇರುವುದರಿಂದ 'ನಾನು, ನೀನು' ಬಿಡುವುದೂ ನಮ್ಮಂತೆಯೇ. 'ಆಬ್ಲೊ' ಎಂದರೆ 'ಮಾತನಾಡುತ್ತೇನೆ'. 'ತೂ' ಮತ್ತು 'ಉಸ್ತೇದ್' ನಮ್ಮ ನೀನು, ನೀವು. 'ಹಾಡಿದೆ' ಮತ್ತು 'ಹಾಡುತ್ತಿದ್ದೆ' ಎಂಬ ವ್ಯತ್ಯಾಸ ಗೊತ್ತಿದ್ದವರಿಗೆ ಅವರ ಎರಡು ಭೂತಕಾಲಗಳ ಅರ್ಧ ಪಾಠ ಮುಗಿದಂತೆ.

ಎಲ್ಲರೂ ಮುಗ್ಗರಿಸುವ 'ಸೇರ್' ಮತ್ತು 'ಎಸ್ತಾರ್' ಎಂಬ ಎರಡು 'ಇರು'ಗಳಿಗೂ ಕನ್ನಡದ ಊರುಗೋಲು ಇದೆ. 'ನಾನು ವಿದ್ಯಾರ್ಥಿ' ಎನ್ನುವಾಗ ನಾವು ಕ್ರಿಯಾಪದ ಹಾಕುವುದೇ ಇಲ್ಲ, ಅಲ್ಲಿ ಬಹುಪಾಲು ಸೇರ್ ಬರುತ್ತದೆ. 'ಮನೆಯಲ್ಲಿದ್ದೇನೆ' ಎಂದು 'ಇರು' ಹಾಕುವ ಕಡೆ ಎಸ್ತಾರ್. ಮಾವು 'ಎಸ್ ಬೆರ್ದೆ' ಎಂದರೆ ಅದರ ಬಣ್ಣ ಹಸಿರು, 'ಎಸ್ತಾ ಬೆರ್ದೆ' ಎಂದರೆ ಇನ್ನೂ ಕಾಯಿಯಾಗಿದೆ. ಈ ಊರುಗೋಲು ಎಲ್ಲ ಕಡೆ ಆಸರೆಯಾಗುವುದಿಲ್ಲ. ಮದುವೆ ಎಲ್ಲಿದೆ ಎಂದು ಹೇಳುವಾಗ ಅವರು ಸೇರ್ ಬಳಸುತ್ತಾರೆ. ತಪ್ಪಿದ ಕಡೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬೇರೆಯಾಗಿ ಬರೆಯಿರಿ.

ಕನ್ನಡ ಕೈಕೊಡುವುದು ಲಿಂಗದಲ್ಲಿ. ನಮಗೆ ಮೇಜು, ಪುಸ್ತಕ ಎಲ್ಲವೂ 'ಅದು'. ಅವರಿಗೆ ಮೇಸಾ, ಅಂದರೆ ಮೇಜು, ಹೆಣ್ಣು. ಲಿಬ್ರೊ, ಅಂದರೆ ಪುಸ್ತಕ, ಗಂಡು. ಉರ್ದು ಬಲ್ಲವರಿಗೆ ವಸ್ತುಗಳಿಗೂ ಗಂಡು ಹೆಣ್ಣು ಇರುವುದು ಹೊಸತಲ್ಲ, ಆದರೆ ಉರ್ದುವಿನ ಕಿತಾಬ್ ಹೆಣ್ಣು. ಹಾಗಾಗಿ ಎರವಲು ಲೆಕ್ಕ ನಡೆಯುವುದಿಲ್ಲ. ಪದವನ್ನು ಯಾವಾಗಲೂ 'ಎಲ್' ಅಥವಾ 'ಲಾ' ಸಮೇತ ಬಾಯಿಪಾಠ ಮಾಡಿ. 'ಆ' ದಲ್ಲಿ ಮುಗಿದರೂ 'ಮಾಪಾ' ಗಂಡು, 'ಒ' ದಲ್ಲಿ ಮುಗಿದರೂ 'ಮಾನೊ', ಅಂದರೆ ಕೈ, ಹೆಣ್ಣು. ಇದಕ್ಕೆ ಯಾವ ಉಪಾಯವೂ ಇಲ್ಲ.

ಎರಡನೆಯ ವರ್ಷದಲ್ಲಿ ಸಬ್‌ಹುಂತಿಬೊ ಎಂಬ ಭೂತ ಬರುತ್ತದೆ. ಹಾರೈಕೆ, ಸಂಶಯ, ಅಪ್ಪಣೆಗಳಿಗೆ ಬಳಸುವ ಕ್ರಿಯಾರೂಪ. 'ಒಹಲಾ ಯುಎಬಾ' ಎಂದರೆ 'ಮಳೆ ಬರಲಿ'. ನಮ್ಮ 'ಅಲಿ' ಪ್ರತ್ಯಯವನ್ನು ನೆನೆದರೆ ಭೂತದ ಅರ್ಧ ಬಲ ಇಳಿಯುತ್ತದೆ. 'ಒಹಲಾ' ಎಂಬುದು ಸ್ಪೇನಿನಲ್ಲಿ ಶತಮಾನಗಳ ಕಾಲ ಅರಬ್ಬಿ ಆಡುತ್ತಿದ್ದವರು ಬಿಟ್ಟುಹೋದ ಪದ. ಮೂಲದಲ್ಲಿ 'ದೇವರು ಬಯಸಿದರೆ' ಎಂದರ್ಥ. ಜೂನ್ ತಿಂಗಳಲ್ಲಿ ಮೋಡ ನೋಡುತ್ತಾ ನಮ್ಮೂರಿನ ಮುಸ್ಲಿಂ ರೈತರು ಹೇಳುವ 'ಇನ್ಷಾ ಅಲ್ಲಾ'ದ ದಾಯಾದಿ. ಹತ್ತಿಗೆ 'ಅಲ್ಗೊದೋನ್', ಎಣ್ಣೆಗೆ 'ಅಸೆಯ್ತೆ', ಇವೂ ಅರಬ್ಬಿಯ ಬಳುವಳಿ. ಸಕ್ಕರೆಗೆ 'ಅಸೂಕಾರ್'. ಇಲ್ಲಿ ನಂಟು ಕಟ್ಟಲು ಆಧಾರವಿದೆ: ಅವರ ಅಸೂಕಾರ್, ನಮ್ಮ ಸಕ್ಕರೆ ಎರಡೂ ಶರ್ಕರೆಯಿಂದ ಹೊರಟವು, ಅವರದು ಅರಬ್ಬಿಯ ದಾರಿ ಹಿಡಿದು ಹೋಯಿತು.

ಪದ್ಯವನ್ನು ಬೆರಳು ಮಡಿಸಿ ಓದುವುದು

ಸಾಹಿತ್ಯ ಶುರುವಾದ ಮೇಲೆ ಅಂಕ ತರುವುದು ಅಥವಾ ಕಳೆಯುವುದು 'ಕೊಮೆಂತಾರಿಯೊ ದೆ ತೆಕ್ಸ್ತೊ' ಎಂಬ ಪ್ರಶ್ನೆ. ಒಂದು ಪದ್ಯವನ್ನೋ ಪುಟವನ್ನೋ ಕೊಟ್ಟು ಬಿಡಿಸಿ ತೋರಿಸು ಎನ್ನುತ್ತಾರೆ. ಸಾರಾಂಶ ಬರೆದವರಿಗೆ ಸೊನ್ನೆಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ.

ಪದ್ಯವಾದರೆ ಮೊದಲ ಕೆಲಸ ಉಚ್ಚಾರಾಂಶ ಎಣಿಸುವುದು. ಲಘು ಗುರು ಹಾಕಿ ಷಟ್ಪದಿ ಬಿಡಿಸಿದ ಕೈಗೆ ಇದು ಸುಲಭ, ಆದರೆ ನಿಯಮ ಬೇರೆ. ಅವರು ಮಾತ್ರೆ ಎಣಿಸುವುದಿಲ್ಲ, ಉಚ್ಚಾರಾಂಶವನ್ನೇ ಎಣಿಸುತ್ತಾರೆ. ಒಂದು ಸಾದಾ ವಾಕ್ಯ ತೆಗೆದುಕೊಳ್ಳಿ: 'ಮಿ ಎರ್ಮಾನೊ ಎಸ್ಪೇರಾ ಎನ್ ಲಾ ಎಸ್ತಾಸಿಯೋನ್', ನನ್ನ ತಮ್ಮ ಸ್ಟೇಷನ್ನಿನಲ್ಲಿ ಕಾಯುತ್ತಾನೆ. ಬಿಡಿಬಿಡಿಯಾಗಿ ಎಣಿಸಿದರೆ ಹನ್ನೆರಡು. ಆದರೆ ಒಂದು ಪದ ಸ್ವರದಲ್ಲಿ ಮುಗಿದು ಮುಂದಿನದು ಸ್ವರದಿಂದ ಶುರುವಾದರೆ ಎರಡೂ ಬೆಸೆದು ಒಂದಾಗುತ್ತವೆ. ನಮ್ಮ ಸಂಧಿಯಲ್ಲಿ ಒಂದು ಸ್ವರ ಬಿದ್ದುಹೋಗುತ್ತದೆ ಇಲ್ಲವೇ ನಡುವೆ ಯ, ವ ಬರುತ್ತದೆ. ಇಲ್ಲಿ ಎರಡೂ ಸ್ವರ ಉಳಿದು ಒಂದೇ ಉಸಿರಿನಲ್ಲಿ ಸಾಗುತ್ತವೆ. ಮಿ‑ಎರ್ ಒಂದು, ನೊ‑ಎಸ್ ಒಂದು, ರಾ‑ಎನ್ ಒಂದು, ಲಾ‑ಎಸ್ ಒಂದು. ಹನ್ನೆರಡು ಎಂಟಾಯಿತು. ಕೊನೆಯ ಪದದ ಒತ್ತು ಕೊನೆಯ ಉಚ್ಚಾರಾಂಶದ ಮೇಲಿದೆ, ಅದಕ್ಕೆ ಒಂದು ಸೇರಿಸಬೇಕು. ಒಟ್ಟು ಒಂಬತ್ತು. ನಾನು ಮೊದಲ ಪರೀಕ್ಷೆಯಲ್ಲಿ ಆ ಕೊನೆಯ ಒಂದನ್ನು ಮರೆತು ಇಡೀ ಪದ್ಯದ ಲೆಕ್ಕ ತಪ್ಪಿಸಿದ್ದೆ.

ಪ್ರಾಸದಲ್ಲೂ ಎಚ್ಚರ ಬೇಕು. ನಮ್ಮ ಹಳೆಯ ಪದ್ಯದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ, ಅವರದು ಕೊನೆಯಲ್ಲಿ. ಅದರಲ್ಲೂ ವ್ಯಂಜನ ಬೇರೆಯಾದರೂ ಸ್ವರ ಮಾತ್ರ ಕೂಡಿದರೆ ಸಾಕು ಎನ್ನುವ ಬಗೆಯೊಂದಿದೆ. ರೊಮಾನ್ಸೆ ಎಂಬ ಲಾವಣಿ ಜಾತಿಯ ಹಾಡುಗಳು ನಡೆಯುವುದು ಅದರ ಮೇಲೆ, ಎಂಟು ಉಚ್ಚಾರಾಂಶದ ಸಾಲುಗಳಲ್ಲಿ. ಕಣ್ಣಿಗೆ ಕಾಣುವುದಿಲ್ಲ, ಗಟ್ಟಿಯಾಗಿ ಓದಿದರೆ ಕೇಳುತ್ತದೆ.

ಓದಬೇಕಾದ ಪಟ್ಟಿ ಉದ್ದವಿರುತ್ತದೆ. ಸೆರ್ವಾಂತೆಸ್ ಬರೆದ 'ದೊನ್ ಕಿಹೋತೆ' ಕಾದಂಬರಿಯನ್ನು ಮೊದಲೇ ಹಿಡಿಯಬೇಡಿ. 1605ರಲ್ಲಿ ಒಂದು, 1615ರಲ್ಲಿ ಇನ್ನೊಂದು ಎಂದು ಬಂದ ಎರಡು ಭಾಗಗಳ ಹೆಬ್ಬೊತ್ತಿಗೆ ಅದು. ಅದಕ್ಕಿಂತ ಹಿಂದಿನ, 1554ರ 'ಲಾಸಾರಿಯೊ ದೆ ತೋರ್ಮೆಸ್' ಚಿಕ್ಕದು, ಬರೆದವರ ಹೆಸರಿಲ್ಲ. ಹೊಟ್ಟೆಗಾಗಿ ಒಬ್ಬರಿಂದ ಒಬ್ಬರ ಬಳಿ ಚಾಕರಿಗೆ ಹೋಗುವ ಹುಡುಗನ ಕಥೆ. ಬರಗಾಲದ ಮಾತು ಕೇಳಿ ಬೆಳೆದವರಿಗೆ ಆ ಹಸಿವಿಗೆ ಟಿಪ್ಪಣಿ ಬೇಕಿಲ್ಲ. ಕಲಿಯುವವರಿಗಾಗಿ ಸರಳಗೊಳಿಸಿದ ಆವೃತ್ತಿ ಮೊದಲು, ಮೂಲ ಆಮೇಲೆ. ಹಳೆಯ ಕೃತಿಗಳ ಮೂಲಪಾಠ ಮಿಗೆಲ್ ದೆ ಸೆರ್ವಾಂತೆಸ್ ಹೆಸರಿನ ಡಿಜಿಟಲ್ ಗ್ರಂಥಾಲಯದಲ್ಲಿ ಪುಕ್ಕಟೆ ಸಿಗುತ್ತದೆ.

ಸೆಮಿನಾರಿಗೆ ವಿಷಯ ಹುಡುಕುವಾಗ ಊರನ್ನು ಮರೆಯಬೇಡಿ. 16ನೆಯ ಶತಮಾನದ ಸಾನ್ ಹುಆನ್ ದೆ ಲಾ ಕ್ರೂಸ್ ಆತ್ಮವನ್ನು ವಧುವಾಗಿ ಕಂಡು ಬರೆದ ಕವಿ. ಬಸವಕಲ್ಯಾಣದ ಮಣ್ಣಿನವರಿಗೆ 'ಶರಣಸತಿ ಲಿಂಗಪತಿ' ನೆನಪಾಗದೆ ಇರುತ್ತದೆಯೇ? ಆದರೆ 'ಎರಡೂ ಒಂದೇ' ಎಂದು ಬರೆದರೆ ಅಂಕ ಹೋಗುತ್ತದೆ. ಒಂದು ಕಡೆ ಮಠದ ಸಂನ್ಯಾಸಿ, ಇನ್ನೊಂದು ಕಡೆ ಮನೆ ಬಿಟ್ಟು ಹೊರಟ ಹೆಣ್ಣು, ಅಕ್ಕಮಹಾದೇವಿ. ಅಕ್ಕನ ಬಿಡಿ ಗದ್ಯಲಯ, ಅವನ ಬಿಗಿ ಛಂದಸ್ಸು. ಬೇರೆಯಾಗುವ ಕಡೆಯನ್ನೇ ಹಿಡಿಯಿರಿ. ಇನ್ನೊಂದು ವಿಷಯವನ್ನು ನಾನೇ ಬರೆಯಬೇಕೆಂದುಕೊಂಡು ಬಿಟ್ಟದ್ದು: ನೆಬ್ರಿಹಾ ಸ್ಪ್ಯಾನಿಷ್‌ಗೆ ವ್ಯಾಕರಣ ಬರೆದದ್ದು 1492ರಲ್ಲಿ. ಹೈದರಾಬಾದಿಗೆ ಹೋಗುವ ರೈಲು ದಾಟುವ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ, 'ಕವಿರಾಜಮಾರ್ಗ' 9ನೆಯ ಶತಮಾನದಲ್ಲೇ ಹುಟ್ಟಿತ್ತು. ಹೆಮ್ಮೆಪಡಲು ಹೇಳುತ್ತಿಲ್ಲ. ಅರಸರ ನೆರಳಿನಲ್ಲಿ ದೇಶಭಾಷೆಗೆ ನಿಯಮ ಕಟ್ಟುವ ಆಸೆ ಎರಡೂ ಕಡೆ ಹೇಗೆ ಮಾತಾಯಿತು ಎಂದು ನೋಡಬಹುದು. ಯಾರಾದರೂ ಎತ್ತಿಕೊಳ್ಳಿ.

ಡೆಲೆ ಪರೀಕ್ಷೆ

ಪದವಿಯ ಜೊತೆಗೆ ಸ್ಪ್ಯಾನಿಷ್ ಎಷ್ಟು ಬರುತ್ತದೆಂದು ಅಳೆದು ಕೊಡುವ ಸೆರ್ವಾಂತೆಸ್ ಸಂಸ್ಥೆಯ ಡೆಲೆ ಪ್ರಮಾಣಪತ್ರ ಇರಲಿ. ಎ1ರಿಂದ ಸಿ2ರವರೆಗೆ ಆರು ಹಂತ, ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. ಕೆಳಗಿನ ಹಂತಗಳಿಗೆ ಸುಮ್ಮನೆ ದುಡ್ಡು ಸುರಿಯಬೇಡಿ, ಕೆಲಸಕ್ಕೆ ಬರುವುದು ಬಿ2ರಿಂದ ಮೇಲೆ. ಬಿ2 ಪರೀಕ್ಷೆಯಲ್ಲಿ ಓದುವುದು ಬರೆಯುವುದು ಒಂದು ಗುಂಪು, ಕೇಳುವುದು ಮಾತನಾಡುವುದು ಇನ್ನೊಂದು. ಎರಡರಲ್ಲೂ ಬೇರೆಬೇರೆಯಾಗಿ 50ಕ್ಕೆ 30 ಬೇಕು. ನಮ್ಮ ಮಕ್ಕಳು ಸೋಲುವುದು ಕೇಳುವುದರಲ್ಲಿ. ತರಗತಿಯ ಮೇಷ್ಟ್ರ ನಿಧಾನದ ಸ್ಪ್ಯಾನಿಷ್‌ಗೆ ಹೊಂದಿಕೊಂಡ ಕಿವಿ ರೇಡಿಯೊದ ಓಟಕ್ಕೆ ತತ್ತರಿಸುತ್ತದೆ. ದಿನಕ್ಕೆ ಕಾಲು ಗಂಟೆ ಸುದ್ದಿ ಕೇಳಿ, ಅರ್ಥವಾಗದಿದ್ದರೂ.

ಕೆಲಸ, ಸ್ಪೇನ್, ಹೆಸರಿನ ತೊಡಕು

ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ, ವಿಶ್ವಸಂಸ್ಥೆಯ ಆರು ಭಾಷೆಗಳಲ್ಲೊಂದು. ಹಾಗೆಂದು ವಿಶ್ವಸಂಸ್ಥೆ ನಿಮಗಾಗಿ ಕಾದಿರುವುದಿಲ್ಲ. ನನ್ನ ಜೊತೆ ಓದಿದವರಲ್ಲಿ ಹೆಚ್ಚಿನವರು ಹೈದರಾಬಾದ್, ಬೆಂಗಳೂರಿನ ಕಂಪನಿಗಳಲ್ಲಿ ಸ್ಪ್ಯಾನಿಷ್ ಗ್ರಾಹಕರ ಕರೆ, ಪತ್ರ, ಲೆಕ್ಕ ನೋಡುತ್ತಿದ್ದಾರೆ. ಲ್ಯಾಟಿನ್ ಅಮೆರಿಕದ ಹಗಲು ಎಂದರೆ ಇಲ್ಲಿ ರಾತ್ರಿ ಪಾಳಿ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿ. ಕೆಲವರು ಶಾಲೆಗಳಲ್ಲಿ ಕಲಿಸುತ್ತಾರೆ. ಕಾಲೇಜಿನಲ್ಲಿ ಕಲಿಸಬೇಕೆಂದರೆ ಎಂ.ಎ. ಜೊತೆ ಯುಜಿಸಿ ನೆಟ್, ಅದರಲ್ಲಿ ಸ್ಪ್ಯಾನಿಷ್ ಒಂದು ವಿಷಯ. ಕಾಕಾ ಈಗ ಫೋನಿನಲ್ಲಿ ಕೇಳುವುದು ಒಂದೇ: ಆ ದ್ವೀಪದಲ್ಲಿ ತೊಗರಿ ಕ್ವಿಂಟಲ್‌ಗೆ ಎಷ್ಟು?

ಸ್ಪೇನಿಗೆ ಹೋಗಿ ಓದುವವರು ಒಂದು ವರ್ಷ ಮೊದಲೇ ಕಾಗದ ಜೋಡಿಸಲು ಶುರುಮಾಡಿ. ಅಲ್ಲಿ ಪದವಿ ಸಾಮಾನ್ಯವಾಗಿ ನಾಲ್ಕು ವರ್ಷ, ಸ್ನಾತಕೋತ್ತರ ಹೆಚ್ಚಾಗಿ ಒಂದು ವರ್ಷ. ಅಂಕಪಟ್ಟಿ, ಪದವಿ ಪತ್ರಗಳಿಗೆ ಅವು ಅಸಲಿ ಎಂದು ಹೊರದೇಶಕ್ಕೆ ದೃಢಪಡಿಸುವ, ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಮುದ್ರೆ ಬೇಕು. ಅವುಗಳ ಅನುವಾದವನ್ನು ನೀವೇ ಮಾಡಿದರೆ ನಡೆಯುವುದಿಲ್ಲ, ಸ್ಪೇನ್ ಸರ್ಕಾರ ಮಾನ್ಯ ಮಾಡಿದ ಅನುವಾದಕರ ಸಹಿ ಬೇಕು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಒಂದೇ ಥರ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಇನಿಷಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ ಇದ್ದರೆ ಸರಿಪಡಿಸಲು ತಿಂಗಳುಗಳೇ ಬೇಕು. ಸ್ಪೇನಿನ ಅರ್ಜಿಗಳಲ್ಲಿ ಅಡ್ಡಹೆಸರಿಗೆ ಎರಡು ಚೌಕಗಳಿರುತ್ತವೆ. ಅಲ್ಲಿ ಪ್ರತಿಯೊಬ್ಬರಿಗೂ ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು ಅಡ್ಡಹೆಸರು ಇರುವುದು ರೂಢಿ. ಎರಡನೆಯ ಚೌಕವನ್ನು ಖಾಲಿ ಬಿಡಿ. ನಾನು ಅದು ತಾಯಿಯ ಚೌಕವೆಂದು ತಿಳಿದು ಸಂತೋಷದಿಂದ ಅವ್ವನ ಹೆಸರು ಬರೆದಿದ್ದೆ. ಪಾಸ್‌ಪೋರ್ಟಿಗೆ ಹೊಂದುವುದಿಲ್ಲವೆಂದು ಅರ್ಜಿ ವಾಪಸ್ ಬಂತು.